ಬಿದಿರಿಗೆ ಕುಬಸ

ಸಣ್ಣಗಡ್ಡಿ ಊರಿನ ಹೆಂಗಸರು ಬಿದಿರಿಗೆ ಕುಬಸ ಮಾಡಿದರು. ನಗುವವರು ನಗಲಿ. ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಬಯಕೆಯ ಅಡುಗೆ ಉಣಿಸುವ ಶಾಸ್ತ್ರವನ್ನು ಶ್ರಾವಣದ ಎರಡನೆಯ ಶುಕ್ರವಾರ ಕಾಲುವೆ ದಂಡೆಯ ಮೂವತ್ತೆರಡು ಬಿದಿರುಮೆಳೆಗಳಿಗೂ ಒಂದೂ ಬಿಡದೆ ಮಾಡಿದರು. ಮೆಳೆಗಳ ಬುಡದಲ್ಲಿ ಕಳಲೆ ಮೂಡಿತ್ತು. ಹೊಸ ಕುಡಿ ಮೂಡಿದ ಮೇಲೆ ಅದು ಬಸುರಲ್ಲದೆ ಮತ್ತೇನು ಎಂಬುದು ಈರಮ್ಮನ ವಾದ. ಅವಳ ಗಂಡ ಪಂಪಣ್ಣ ಈ ವಾದಕ್ಕೆ ತಕರಾರು ಎತ್ತಲಿಲ್ಲ. ಎತ್ತುವುದಾದರೂ ಹೇಗೆ, ಉಡಿ ತುಂಬಲು ಬೇಕಾದ ಡಿಎಪಿ ಗೊಬ್ಬರದ ಚೀಲಗಳನ್ನು ಸೊಸೈಟಿಯಿಂದ ಹೆಗಲ ಮೇಲೆ ಹೊತ್ತು ತಂದವನೇ ಅವನು.

"ಬಸುರಿಗಿ ಅಕ್ಕಿ, ಕೊಬ್ರಿ ಸರಿ. ಬಿದರಿಗಿ ಅಕ್ಕಿ ಹಾಕಿದ್ರ ಇಲಿ ತಿಂದು ಹೋಗ್ತಾವ," ಎಂದಿದ್ದಳು ಈರಮ್ಮ. "ಅದಕ್ಕೇನು ರುಚಿನೋ ಅದನ್ನ ಉಣಸಬೇಕು. ಜ್ವಾಳಕ್ಕ ಡಿಎಪಿ ಹಾಕಿದ್ರ ಹೆಂಗ ಕುಣಕೋತ ಬೆಳೀತದ, ನೀವು ನೋಡಿಲ್ಲೇನು?"

ನೂರಾ ಹತ್ತು ಮನೆಗಳಿಂದ ಮನೆಗೊಂದು ಸೇರು ಗೊಬ್ಬರ ಉಡಿಯಲ್ಲಿ ಬಂತು. ಮೆಳೆಗೆ ಹಸಿರು ರವಿಕೆಯ ಕಣ ಸುತ್ತಿದರು, ಆರತಿ ಬೆಳಗಿದರು, ಹಾಡು ಹೇಳಿದರು. ಬಿದಿರಿನ ಕಡೆಯಿಂದ ನಾಚಿಕೊಳ್ಳುವವರು ಯಾರೂ ಇಲ್ಲವಲ್ಲ, ಆ ಕೆಲಸವನ್ನು ಎದುರುಮನೆಯ ಕರಿಬಸಮ್ಮ ವಹಿಸಿಕೊಂಡು, ಸೆರಗು ಮೋರೆಗೆ ಹಿಡಿದು ಎಲ್ಲರನ್ನೂ ನಗಿಸಿದಳು. ಒಂದು ದಿನಕ್ಕೇ ಇದು ಮುಗಿಯಲಿಲ್ಲ. ಬಸುರಿಯನ್ನು ಒಂದು ಹೊತ್ತು ಉಣಿಸಿ ಕೈತೊಳೆದುಕೊಳ್ಳುವುದುಂಟೆ? ಅಲ್ಲಿಂದ ಮುಂದೆ ಪ್ರತಿ ಶುಕ್ರವಾರವೂ ನಡೆಯಿತು.

ಇಷ್ಟು ಸಡಗರಕ್ಕೆ ಕಾರಣವಿತ್ತು. ಊರ ಮಗ್ಗುಲಲ್ಲೇ ಬೂದಿಹೊಂಡವಿದೆ. ಕಲ್ಲಿದ್ದಲು ಸುಟ್ಟು ಕರೆಂಟು ಮಾಡುತ್ತಿದ್ದ ಕಾಲದಲ್ಲಿ ವರ್ಷಗಟ್ಟಲೆ ತಂದು ಸುರಿದ ಬೂದಿ, ನಲವತ್ತು ಎಕರೆ. ದೇಶ ಕಲ್ಲಿದ್ದಲನ್ನು ಬಿಟ್ಟಿತು, ಚಿಮಣಿಗಳನ್ನು ಕೆಡವಿದರು, ಯಂತ್ರಗಳನ್ನು ಬಿಚ್ಚಿ ಒಯ್ದರು. ಬೂದಿಯನ್ನು ಮಾತ್ರ ಯಾರೂ ಒಯ್ಯಲಿಲ್ಲ. ಚೈತ್ರ ವೈಶಾಖದಲ್ಲಿ ಪಡುವಣ ಗಾಳಿ ಎದ್ದಿತೆಂದರೆ ಎದುರಿನ ಮನೆ ಕಾಣುತ್ತಿರಲಿಲ್ಲ. ರೊಟ್ಟಿಯಲ್ಲಿ ಬೂದಿ, ಹಾಸಿಗೆಯಲ್ಲಿ ಬೂದಿ, ತೊಟ್ಟಿಲ ಕೂಸಿನ ರೆಪ್ಪೆಯ ಮೇಲೂ ಬೂದಿ. ಈರಮ್ಮನ ಎದೆ ಮೂವತ್ತೈದಕ್ಕೇ ಕೆಟ್ಟುಹೋಯಿತು. ನಾಲ್ಕು ಹೆಜ್ಜೆ ನಡೆದರೆ ಕೂತು ಸುಧಾರಿಸಿಕೊಳ್ಳಬೇಕು. ಮಲಗಿದರೆ ಉಸಿರು ಸಿಗದು, ಗೋಡೆಗೆ ಒರಗಿಕೊಂಡೇ ನಿದ್ದೆ. ರಾಯಚೂರಿನ ಡಾಕ್ಟರು ಪಂಪಣ್ಣನನ್ನು ಹೊರಗೆ ಕರೆದು, ಇನ್ನು ಐದಾರು ಬೇಸಿಗೆ ಈ ಗಾಳಿ ಕುಡಿದರೆ ಈ ಹೆಣ್ಣುಮಗಳು ಉಳಿಯುವುದಿಲ್ಲ ಎಂದಿದ್ದರು.

ಅಂಥ ಹೊತ್ತಿನಲ್ಲಿ ಡಾ. ನಫೀಸಾ ಒಂದು ಲಾರಿ ಬಿದಿರಿನ ಸಸಿ ತಂದಿಳಿಸಿದಳು. ಮಾನವಿ ಕಡೆಯ ಹುಡುಗಿ, ಆಗಿನ್ನೂ ಮೂವತ್ತು ದಾಟಿರಲಿಲ್ಲ. ಬೂದಿಯಲ್ಲಿ ಜಾಲಿ ಕೂಡ ಹುಟ್ಟದು, ಇವಳು ಬಿದಿರು ನೆಡುತ್ತಾಳಂತೆ ಎಂದು ಊರವರು ಕಟ್ಟೆಯ ಮೇಲೆ ಕೂತು ನಕ್ಕರು. ಆದರೆ ಅವಳು ಬರೀ ಸಸಿ ತಂದಿರಲಿಲ್ಲ. ಒಂದೊಂದು ಸಸಿಯ ಬೇರಿಗೂ ಒಂದು ಹಿಡಿ ಮಣ್ಣು ಮೆತ್ತಿತ್ತು, ಆ ಮಣ್ಣಿನಲ್ಲಿ ಒಂದು ಶಿಲೀಂಧ್ರವಿತ್ತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಬೂಷ್ಟು.

ಇದೇನೂ ಹೊಸ ಜೀವಿಯಲ್ಲ. ಕಾಡಿನ ಬಹುಪಾಲು ಮರಗಳ ಬೇರಿನಲ್ಲಿ ಇಂಥ ಬೂಷ್ಟು ಮನೆ ಮಾಡಿಕೊಂಡಿರುತ್ತದೆ. ಎಲೆ ಬಿಸಿಲಲ್ಲಿ ಸಕ್ಕರೆ ಮಾಡುತ್ತದೆ, ಬೇರು ಅದರಲ್ಲಿ ಒಂದು ಪಾಲನ್ನು ಬೂಷ್ಟಿಗೆ ಕೊಡುತ್ತದೆ. ಬೂಷ್ಟು ಕೂದಲಿಗಿಂತ ಸಣ್ಣ ನೂಲುಗಳನ್ನು ಬಿಟ್ಟು, ಬೇರಿನ ಕೈ ಎಟುಕದ ಕಡೆಯಿಂದ ರಂಜಕವೆಂಬ ಸತ್ವವನ್ನೂ ನೀರನ್ನೂ ತಂದು ಬೇರಿಗೆ ಕೊಡುತ್ತದೆ. ನಫೀಸಾಳ ಪ್ರಯೋಗಾಲಯದಲ್ಲಿ ಹುಟ್ಟಿದ ಹೊಸತು ಒಂದೇ ಒಂದು ಪ್ರಶ್ನೆ. ಕಾಲುವೆ ದಂಡೆಯ ಮೆಳೆ ಕುಡಿದ ನೀರು ಈ ನೂಲಿನೊಳಗೇ ಹರಿದು ಹೊಂಡದ ನಡುವಿನ ಮೆಳೆಗೆ ಮುಟ್ಟುವಂತಾದರೆ? ಹನ್ನೊಂದು ವರ್ಷ ತಳಿ ಆರಿಸಿ ಆರಿಸಿ ಅವಳ ಗುರುಗಳೂ ಕೊನೆಕೊನೆಗೆ ಅವಳೂ ಅಂಥ ನೂಲನ್ನು ಬೆಳೆಸಿದರು. ಅದು ಬೂದಿಯೊಳಗೆ ಬಲೆ ಹೆಣೆದು, ಅಂಟು ಒಸರಿ, ಕಣಕ್ಕೆ ಕಣ ಕಚ್ಚಿಸಿ ಹಿಡಿಯಿತು. ದಂಡೆಯ ಮೆಳೆ ನಡುವಿನ ಮೆಳೆಗೆ ನೀರು ಕಳಿಸಿತು. ಐದನೆಯ ಬೇಸಿಗೆಗೆ ಹೊಂಡದ ತುಂಬ ನೂರಾ ಅರವತ್ತು ಮೆಳೆ, ಗಾಳಿ ಬಂದರೆ ಎಲೆಯ ಸದ್ದಷ್ಟೇ.

ಆ ವರ್ಷ ಒಂದು ಮಧ್ಯಾಹ್ನ ಪಂಪಣ್ಣ ಊಟಕ್ಕೆ ಮನೆಗೆ ಬಂದಾಗ ಈರಮ್ಮ ಹೊರಸಿನ ಮೇಲೆ ಅಂಗಾತ ಮಲಗಿದ್ದಳು. ಅವಳು ಹಾಗೆ ಮಲಗಿದ್ದನ್ನು ಕಂಡು ಎಷ್ಟೋ ವರ್ಷವಾಗಿತ್ತು. ಮೂಗಿನ ಹತ್ತಿರ ಬೆರಳಿಟ್ಟು ನೋಡಿದ. ಬೆಚ್ಚಗಿನ ಉಸಿರು ಸಲೀಸಾಗಿ ಬಂದು ಹೋಗುತ್ತಿತ್ತು. ಪಂಪಣ್ಣ ಊಟ ಮರೆತು ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟ. ಆಮೇಲೆ ಎದ್ದು ಹೋಗಿ ಮೊದಲು ಸಿಕ್ಕ ಮೆಳೆಗೆ ಕೈಮುಗಿದ. ದೇವರಿಗಿಂತ ಮೊದಲು ಅದಕ್ಕೆ ಮುಗಿದದ್ದು ಸರಿಯೋ ತಪ್ಪೋ ಎಂದು ಅವನು ಯಾರನ್ನೂ ಕೇಳಲಿಲ್ಲ.

ಅವನ ಕೆಲಸವೂ ಬಿದಿರಿನದೇ. ಹಳೆಯ ಪಂಪ್‌ಹೌಸನ್ನು ನಿಯಂತ್ರಣ ಕೊಠಡಿ ಮಾಡಿದ್ದರು. ಪ್ರತಿ ಮೆಳೆಯ ಬುಡದಲ್ಲಿ ಒಂದು ಸೂಜಿ ಚುಚ್ಚಿತ್ತು. ನೂಲಿನಲ್ಲಿ ನೀರು ಹರಿದಾಗ ಏಳುವ ಸಣ್ಣ ಮಿಡಿತವನ್ನು ಸೂಜಿ ಹಿಡಿದು, ಕೊಠಡಿಯ ಗೋಡೆಯ ಫಲಕದಲ್ಲಿ ಆ ಮೆಳೆಯ ನಂಬರಿನ ಹಸಿರು ದೀಪವನ್ನು ಬೆಳಗುತ್ತಿತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಯಾವ ದೀಪ ಎಷ್ಟು ಪ್ರಖರ ಎಂದು ನೋಡಿ ನಫೀಸಾಳಿಗೆ ತಿಳಿಸುವುದು ಪಂಪಣ್ಣನ ಪಾಲಿನದು. ಇದಕ್ಕೆ ಮುಂಚೆ ಬೂದಿನೀರಿನ ಪಂಪು ನಡೆಸುತ್ತಿದ್ದವನಿಗೆ ಇದು ಸುಖದ ಕೆಲಸವೇ.

ಕುಬಸವಾದ ಮೇಲೆ ದಂಡೆಯ ಮೆಳೆಗಳು ಕಪ್ಪುಹಸಿರಿಗೆ ತಿರುಗಿದವು. ಕಳಲೆ ದಿನಕ್ಕೊಂದು ಗೇಣು ಏರುತ್ತಿತ್ತು. "ಉಂಡ ಮೈ ನೋಡವ್ವ, ಹೆಂಗ ಮಿಂಚ್ತದ!" ಎಂದು ಕರಿಬಸಮ್ಮ ದೃಷ್ಟಿ ತೆಗೆದಳು. ಆದರೆ ಕಾರ್ತಿಕದಲ್ಲಿ ನಾಲ್ಕನೆಯ ನಂಬರಿನ ದೀಪ ಮಂಕಾಯಿತು. ಪಂಪಣ್ಣ ಸೂಜಿಗೆ ತುಕ್ಕು ಹಿಡಿದಿರಬೇಕೆಂದು ತೆಗೆದು, ಉಜ್ಜಿ, ಮತ್ತೆ ಚುಚ್ಚಿದ. ಮರುವಾರ ಒಂಬತ್ತು, ಹನ್ನೊಂದು. ವೈರು ಬದಲಿಸಿದ. ಪುಷ್ಯದ ಹೊತ್ತಿಗೆ ದಂಡೆಯ ಮೂವತ್ತೆರಡು ದೀಪಗಳೂ, ಅವುಗಳ ಬೆನ್ನಿಗೆ ಒಳಗಿನವೂ ಆರಿದ್ದವು. ದಂಡೆಯ ಬಿದಿರು ಮಾತ್ರ ಸೊಂಪಾಗಿ ನಿಂತಿತ್ತು. ಸೊರಗಿದ್ದು ಹೊಂಡದ ನಡುವಿನ ಐವತ್ತು ಮೆಳೆಗಳು. ಅವುಗಳ ಎಲೆ ತುದಿಯಿಂದ ಒಣಗಿ ಸುರುಳಿಯಾಗುತ್ತಿತ್ತು, ಬುಡದ ಬೂದಿ ಕಾಲಿಟ್ಟರೆ ಪುಡಿಯಾಗಿ ಏಳುತ್ತಿತ್ತು.

ಪಂಪಣ್ಣನಿಂದ ಸುದ್ದಿ ಮುಟ್ಟಿ ನಫೀಸಾ ಬಂದವಳೇ ದಂಡೆಯಲ್ಲೊಂದು, ನಡುವೆ ಒಂದು ಗುಂಡಿ ತೋಡಿಸಿ ಬೇರು ಕಿತ್ತಳು. ಕೊಠಡಿಯ ಮೇಜಿನ ಮೇಲೆ ಅವನ್ನು ಕಾಯಿಸಿ, ತೊಳೆದು, ನೀಲಿ ಬಣ್ಣದಲ್ಲಿ ಅದ್ದಿ, ಸೂಕ್ಷ್ಮದರ್ಶಕದಡಿ ಇಟ್ಟಳು.

"ಪಂಪಣ್ಣ, ನೀವೂ ನೋಡ್ರಿ. ಇದು ನಡುವಿನ ಮೆಳೀದು."

ಪಂಪಣ್ಣ ಒಂದು ಕಣ್ಣು ಮುಚ್ಚಿ ನೋಡಿದ. ಬೇರಿನ ಗೂಡುಗೂಡಿನೊಳಗೂ ಒಂದೊಂದು ಪುಟಾಣಿ ನೀಲಿ ಗಿಡ ಕವಲೊಡೆದು ಕೂತಿತ್ತು.

"ಆ ಗಿಡದಂಗ ಕಾಣೋದೇ ನಮ್ಮ ಬೂಷ್ಟು. ಕೊಡೋದು ತೊಗೊಳ್ಳೋದು ಎಲ್ಲ ಅಲ್ಲೇ. ಈಗ ದಂಡೀದು ನೋಡ್ರಿ."

ದಂಡೆಯ ಬೇರಿನ ಗೂಡುಗಳೆಲ್ಲ ಖಾಲಿ.

"ಬ್ಯಾನಿ ಬಂದದೇನ್ರಿ ಮೇಡಮ್ಮ?"

"ಬ್ಯಾನಿ ಅಲ್ಲ. ಬಿದಿರೇ ಬಾಗಿಲು ಹಾಕ್ಕೊಂಡದ. ರಂಜಕ ಸಿಗಲಾರದಕ್ಕ ಅಲ್ಲೇನ್ರಿ ಅದು ಬೂಷ್ಟಿಗೆ ಸಕ್ಕರೆ ಕೊಟ್ಟು ಒಳಗ ಕರಕೊಂಡಿದ್ದು? ಬುಡದಾಗೇ ರಂಜಕ ರಾಶಿ ಬಿದ್ರ ಯಾಕ ಕರೀತದ? ಈ ಮಣ್ಣಿನಾಗ ಇರಬೇಕಾದ್ದಕ್ಕಿಂತ ನಲವತ್ತು ಪಟ್ಟು ಜಾಸ್ತಿ ರಂಜಕ ಅದ." ನಫೀಸಾ ಹಣೆ ಉಜ್ಜಿಕೊಂಡಳು. "ನೂಲು ಹರದದ. ದಂಡಿಯಿಂದ ನಡುವಿಗೆ ನೀರು ಹೋಗೋದು ನಿಂತದ. ಚೈತ್ರಕ್ಕ ನಡುವಿನವು ಸಾಯ್ತಾವ, ಬೂದಿ ಮತ್ತ ಏಳ್ತದ. ಯಾರರ ಗೊಬ್ಬರ ಹಾಕ್ಯಾರೇನ್ರಿ ಇಲ್ಲಿ?"

ಪಂಪಣ್ಣನ ಹೆಗಲು ತಾನಾಗಿಯೇ ಕುಗ್ಗಿತು. ವಿಚಾರಿಸಿ ಹೇಳುತ್ತೇನೆಂದು ಮನೆಗೆ ಬಂದ. ಅಂದು ಗುರುವಾರ. ಈರಮ್ಮ ಮರುದಿನದ ಉಡಿಗೆಂದು ಮೊರದಲ್ಲಿ ಗೊಬ್ಬರದ ಕಾಳು ಹರವಿಕೊಂಡು, ಅಕ್ಕಿ ಆರಿಸುವಂತೆ ಕಸ ಆರಿಸುತ್ತಿದ್ದಳು. ಅವಳು ಸಣ್ಣಗೆ ಕೆಮ್ಮಿದಳು.

"ಮೊರ ಕೆಳಗ ಇಡು, ಈರಮ್ಮ," ಎಂದ. ಬಾಗಿಲ ಬಳಿ ಕೂತು, ಕಂಡದ್ದನ್ನೂ ಕೇಳಿದ್ದನ್ನೂ ಹೇಳಿದ.

ಅವಳು ಒಂದು ಕಾಳನ್ನು ಬೆರಳಲ್ಲಿ ಎತ್ತಿ ನೋಡಿದಳು. "ನನ್ನ ಕೈಯಾರೆ ಆತೇನ್ರಿ?" ಎಂದಳು. "ನನ್ನ ಬದುಕಿಸಿದ್ದಕ್ಕ ನಾ ಹಿಂಗ ಮಾಡ್ದೆನಾ?"

"ನಿನ್ನ ಕೈ ಒಂದೇ ಅಲ್ಲ. ಚೀಲ ಹೊತ್ತಿದ್ದು ಯಾರು?"

"ಮತ್ತ ಮೇಡಮ್ಮಗ ಹೇಳಿದ್ರೇನು?"

"ಇಲ್ಲ. ಹೆಂಗ ಹೇಳ್ಲಿ? ನಿನ್ನ ಹೆಸರು ಬರ್ತದಲ್ಲ."

"ಬರ್ಲಿ," ಎಂದು ಈರಮ್ಮ ಎದ್ದಳು. ಮೊರವನ್ನು ಹಾಗೇ ಎತ್ತಿಕೊಂಡು, ಕೊಠಡಿಗೆ ಹೋಗಿ, ನಫೀಸಾಳ ಮೇಜಿನ ಮೇಲೆ ಇಟ್ಟಳು. ಕುಬಸದ ದಿನದಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿದಳು. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತಳು.

ನಫೀಸಾ ಬೈಯಲಿಲ್ಲ. ಮೊದಲು ಅವಳಿಗೆ ನಗು ಬಂತು, ಆಮೇಲೆ ಕಣ್ಣು ತುಂಬಿದವು. ಹೊಂಡದ ನಾಲ್ಕೂ ಮೂಲೆಗೆ ಅವಳೇ ಬೋರ್ಡು ಹಾಕಿಸಿದ್ದಳು: ಗಿಡಗಳಿಗೆ ಯಾರೂ ಹಾನಿ ಮಾಡಬಾರದು. ಉಪಕಾರ ಮಾಡಬಾರದು ಎಂದು ಬರೆಯಿಸುವುದು ಅವಳ ತಲೆಗೆ ಹೊಳೆದಿರಲಿಲ್ಲ, ಯಾರ ತಲೆಗೆ ತಾನೇ ಹೊಳೆದೀತು?

"ಅಕ್ಕ, ತಪ್ಪು ನಂದೂ ಅದ," ಎಂದಳು. "ಹತ್ತು ವರ್ಷದಾಗ ನೆಲದೊಳಗ ಏನು ನಡೀತದ ಅಂತ ನಿಮ್ಮನ್ನ ಕೂಡಿಸಿ ಒಂದು ಮಾತು ಹೇಳಿಲ್ಲ. ದೊಡ್ಡ ಪಟ್ಟಣದ ಸಭಾಗಳಿಗೆಲ್ಲ ಹೋಗಿ ಹೇಳಿ ಬಂದೀನಿ."

"ಈಗ ಏನು ಮಾಡಬೇಕು, ಅದು ಹೇಳು ತಂಗಿ."

ಮಾಡಬೇಕಾದದ್ದು ಬಹಳವಿತ್ತು. ದಂಡೆಯ ಬಿದಿರಿಗೆ ಮತ್ತೆ ಹಸಿವಾಗಬೇಕು. ಬುಡದ ಮೇಲ್ಮಣ್ಣನ್ನು ಕೆರೆದು ದೂರ ಸಾಗಿಸಬೇಕು, ಒತ್ತಾಗಿ ಜೋಳ ಬಿತ್ತಿ, ಗೊಬ್ಬರ ಹೀರಿದ ಎಳೆಪೈರನ್ನು ಮೂರು ವಾರಕ್ಕೇ ಬೇರುಸಹಿತ ಕಿತ್ತು ಹೊರಗೊಯ್ಯಬೇಕು, ಹಾಗೆ ಮೂರು ಸಲ. ಕೊನೆಗೆ ನಡುವಿನ ಮೆಳೆಗಳ ಬುಡದ ಮಣ್ಣನ್ನು ತಂದು ದಂಡೆಗೆ ಹಾಕಬೇಕು, ಬೂಷ್ಟು ಇನ್ನೂ ಜೀವ ಹಿಡಿದಿರುವುದು ಅಲ್ಲಿ ಮಾತ್ರ. ಇಷ್ಟೆಲ್ಲ ಆಗಿ ಹೊಸ ನೂಲು ಹೆಣೆದುಕೊಳ್ಳಲು ಒಟ್ಟು ನಾಲ್ಕು ತಿಂಗಳಾದರೂ ಬೇಕು. ಅಲ್ಲಿಯವರೆಗೆ ನಡುವಿನವು ಬದುಕಿರಬೇಕಲ್ಲ. ಟ್ರಾಕ್ಟರು, ಟ್ಯಾಂಕರು ಅಲ್ಲಿಗೆ ಹೋಗುವಂತಿಲ್ಲ. ಚಕ್ರ ಉರುಳಿದರೆ ಉಳಿದಿರುವ ನೂಲೂ ಹರಿದುಹೋಗುತ್ತದೆ. ಪೈಪು ಹೂಳುವುದಕ್ಕೂ ಅಗೆಯಬೇಕು, ಮೇಲೆ ಎಳೆಯಬೇಕೆಂದರೆ ಪೈಪಿನ ಮಂಜೂರಾತಿ ಮಳೆಗಾಲಕ್ಕೆ ಮುಂಚೆ ಬರುವ ಹಾಗಿರಲಿಲ್ಲ.

"ನೀರು ಒಯ್ಯೋದು ತಾನೇ?" ಎಂದಳು ಈರಮ್ಮ. "ನಾವು ಒಯ್ತೀವಿ."

ಮರುದಿನ ಶುಕ್ರವಾರ ಹೆಂಗಸರು ಉಡಿ ತುಂಬಲು ಬಂದಾಗ ಅವಳು ಕಟ್ಟೆಯ ಮೇಲೆ ನಿಂತು, ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಕೆಲವರು ನಂಬಲಿಲ್ಲ. ಉಣ್ಣಿಸಿದರೆ ಕೆಡುವ ಜೀವ ಎಲ್ಲಿದೆ ಎಂದು ಜಗಳಕ್ಕೇ ಬಂದರು. ಕರಿಬಸಮ್ಮ ಮೊದಲು ಸಿಟ್ಟಾದಳು, ಆಮೇಲೆ ನಫೀಸಾ ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದನ್ನು ನೋಡಿ ಹೊರಗೆ ಬಂದು, "ಹೌದವ್ವ, ಮನಿ ಎಲ್ಲ ಖಾಲಿ," ಎಂದಳು. ಅವಳು ಒಪ್ಪಿದ ಮೇಲೆ ಊರು ಒಪ್ಪಿತು.

ಕಾಲುವೆಯಿಂದ ಹೊಂಡದ ನಡುವಿನವರೆಗೆ ನೂರಿಪ್ಪತ್ತು ಜನ ಸಾಲಾಗಿ ನಿಂತರು. ಯಾರೂ ಓಡಾಡಬಾರದು, ನಿಂತಲ್ಲೇ ನಿಂತು ಕೊಡ ಕೈಬದಲಿಸಬೇಕು. ತುಂಬಿದ ಕೊಡ ಬಲಗಡೆಯಿಂದ ಬರುವುದು, ಖಾಲಿ ಕೊಡ ಎಡಗಡೆಯಿಂದ ಮರಳುವುದು. ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು. ಮಾಘ ಹೋಯಿತು, ಫಾಲ್ಗುಣ ಬಂತು. ಭುಜ ಊದಿಕೊಂಡವು, ಮಾತು ನಿಂತಿತು, ಆಮೇಲೆ ಹಾಡು ಶುರುವಾಯಿತು. ಒಂದು ದಿನಕ್ಕೆ ಐವತ್ತು ಮೆಳೆಗೆ ಇವರು ಮುಟ್ಟಿಸಿದ ನೀರನ್ನು ನಫೀಸಾ ಅಳೆದಳು. ಬೂಷ್ಟು ಸದ್ದಿಲ್ಲದೆ ಮುಟ್ಟಿಸುತ್ತಿದ್ದುದರಲ್ಲಿ ಅದು ಕಾಲುಭಾಗವೂ ಆಗಿರಲಿಲ್ಲ.

"ಹತ್ತು ವರ್ಷ ಅದು ಇಷ್ಟು ಹೊತ್ತದೇನು?" ಎಂದು ಕರಿಬಸಮ್ಮ ಸೊಂಟ ಹಿಡಿದುಕೊಂಡು ನೆಲ ನೋಡಿದಳು. "ನಾವು ಬಿದರಿಗಿ ಆರತಿ ಮಾಡಿದ್ವಿ. ಇದರ ಕಡಿ ಒಬ್ರೂ ನೋಡಲಿಲ್ಲ."

ಚೈತ್ರದಲ್ಲಿ ಗಾಳಿ ಎದ್ದಿತು. ಅಷ್ಟರಲ್ಲಿ ನಡುವೆ ಹನ್ನೆರಡು ಮೆಳೆ ಸತ್ತಿದ್ದವು, ಅಲ್ಲಿನ ಬೂದಿ ಬಿಳಿ ಹೊಗೆಯಂತೆ ಮೇಲೆದ್ದು ಸಾಲಿನ ಮೇಲೆ ಬಂತು. ಈರಮ್ಮ ಸಾಲಿನ ಕೊನೆಯಲ್ಲಿ, ನಡುಹೊಂಡದಲ್ಲಿ, ಒದ್ದೆ ಬಟ್ಟೆ ಮೂಗಿಗೆ ಕಟ್ಟಿಕೊಂಡು ನಿಂತಿದ್ದಳು. ಸಂಜೆ ಮನೆಯಲ್ಲಿ ಅವಳು ಗೋಡೆಗೆ ಒರಗಿ ಕೂತಾಗ ಎದೆಯೊಳಗಿನ ಸಿಳ್ಳು ಪಂಪಣ್ಣನಿಗೆ ಕೇಳಿಸಿತು.

"ನಾಳಿಂದ ನೀ ಬರಬ್ಯಾಡ. ನಿನ್ನ ಜಾಗದಾಗ ನಾ ನಿಲ್ತೀನಿ."

"ನೀವು ದೀಪ ನೋಡ್ರಿ. ದೀಪ ನೋಡೋದು ನನಗ ಬರಂಗಿಲ್ಲ."

"ನಿನಗೇನರ ಆದ್ರ ನಾ ಆ ಬಿದಿರು ಕಟ್ಟಿಕೊಂಡು ಏನು ಮಾಡ್ಲಿ, ಹುಚ್ಚಿ?"

ಈರಮ್ಮ ಉಸಿರು ತಿರುಗಿಸಿಕೊಂಡು ಹೇಳಿದಳು: "ಈ ಐದಾರು ವರ್ಷ ನಾ ಮಲಗಿ ನಿದ್ದಿ ಮಾಡೀನಿ. ಅದು ಅದರ ದಯಾ. ಮುಂದ ಎಷ್ಟು ದಿನ ಅಂತ ಕೇಳೋದು ಬ್ಯಾಡ ಈಗ. ನಾಳಿ ಬೆಳಿಗ್ಗೆ ಕೊಡ ಬಂದಾಗ ಹಿಡ್ಯಾಕ ನಾ ಅಲ್ಲಿರಬೇಕು, ಅಷ್ಟೇ." ಪಂಪಣ್ಣ ಅವಳ ಬೆನ್ನಿಗೆ ಎಣ್ಣೆ ಬಿಸಿ ಮಾಡಿ ಉಜ್ಜಿದ.

ಮೂರನೆಯ ಜೋಳವನ್ನೂ ಕಿತ್ತರು. ನಫೀಸಾ ಮಣ್ಣು ಪರೀಕ್ಷಿಸಿ ತಲೆಯಾಡಿಸಿದಳು. ಹೆಂಗಸರು ನಡುವಿನ ಮೆಳೆಗಳ ಬುಡದಿಂದ ಒಂದೊಂದು ಹಿಡಿ ಮಣ್ಣನ್ನು ಉಡಿಯಲ್ಲಿ ಕಟ್ಟಿಕೊಂಡು ದಂಡೆಗೆ ತಂದು ಹಾಕಿದರು. ಈ ಸಲ ಆರತಿಯಿಲ್ಲ, ಹಸಿರು ಕಣವಿಲ್ಲ. ದಂಡೆಯ ಬಿದಿರು ಹಳದಿಗೆ ತಿರುಗಿ, ಸೊರಗಿ ನಿಂತಿತ್ತು. ಅದರ ಹಸಿವನ್ನು ನೋಡಿ ಸುಮ್ಮನಿರುವುದೇ ಎಲ್ಲರಿಗೂ ಕಷ್ಟವಾಯಿತು. ಕೊಡ ಹೊರುವುದಕ್ಕಿಂತ ಕಷ್ಟ ಅದು.

ವೈಶಾಖದ ಒಂದು ಸಂಜೆ ಪಂಪಣ್ಣ ಫಲಕದ ಮುಂದೆ ಕೂತಿದ್ದ. ನಾಲ್ಕನೆಯ ದೀಪ ಒಮ್ಮೆ ಮಿಣುಕಿತು. ವೋಲ್ಟೇಜಿನ ಆಟವಿರಬೇಕೆಂದು ಅವನು ಲೆಕ್ಕಕ್ಕಿಡಲಿಲ್ಲ. ಮತ್ತೆ ಮಿಣುಕಿತು. ಅದರಾಚೆಯ ಮೂವತ್ತೊಂಬತ್ತು ಹೊತ್ತಿತು, ಅದರಾಚೆಯ ಅರವತ್ತಾರು. ಒಂದರ ಹಿಂದೆ ಒಂದು, ದಂಡೆಯಿಂದ ಒಳಕ್ಕೆ, ಹಸಿರು ಬೆಳಕು ಒಂದು ಗೆರೆಯಾಗಿ ನಡೆಯಿತು. ತೊಂಬತ್ತೇಳು ನಟ್ಟನಡುವಿನದು. ಆ ಮೆಳೆಗೆ ಅಂದು ಇನ್ನೂ ಒಂದು ಕೊಡವೂ ಬಿದ್ದಿರಲಿಲ್ಲ. ಅದೂ ಹೊತ್ತಿಕೊಂಡಿತು. ಪಂಪಣ್ಣ ಹತ್ತಿರ ಹೋಗಿ ಗಾಜಿನ ಮೇಲೆ ಅಂಗೈ ಇಟ್ಟು ನೋಡಿದ. ಆಮೇಲೆ ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊಂಡದ ಕಡೆ ಓಡಿದ.

"ಕೊಡ ಇಳಿಸ್ರವ್ವಾ! ನೀರು ಹೊಂಟದ! ಕೆಳಗ ನೀರು ಹೊಂಟದ!"

ಸಾಲಿನಲ್ಲಿ ಕೊಡ ಹಿಡಿದಿದ್ದ ನಫೀಸಾ ಅದನ್ನು ಅಲ್ಲೇ ಇಟ್ಟು ಕೊಠಡಿಗೆ ಓಡಿದಳು, ನೋಡಿ ಬಂದಳು. ಬಂದವಳು ಹೌದೆಂದು ತಲೆಯಾಡಿಸಿದಳು. ಒಬ್ಬೊಬ್ಬರಾಗಿ ಕೊಡ ಇಳಿಸಿದರು. ನಾಲ್ಕು ತಿಂಗಳು ನೀಡಿ ನೀಡಿ ರೂಢಿಯಾದ ಕೈಗಳು ಇನ್ನೂ ಮುಂದಕ್ಕೆ ಚಾಚಿಕೊಂಡೇ ಇದ್ದವು. ಕರಿಬಸಮ್ಮ ಬೂದಿಯಲ್ಲೇ ಕೂತು ನೆಲಕ್ಕೆ ಹಣೆ ಹಚ್ಚಿದಳು.

ಸಾಲಿನ ಕೊನೆಯಲ್ಲಿ ಈರಮ್ಮ ತುಂಬಿದ ಕೊಡ ಹಿಡಿದು ನಿಂತಿದ್ದಳು. ಮೆಳೆಗೆ ಸುರಿಯಲು ಬಗ್ಗಿದಳು, ಹಾಗೇ ತಡೆದಳು. ಸುತ್ತ ನೋಡಿದಳು. ಅದನ್ನು ಯಾರಿಗೆ ಕೊಡಬೇಕೋ ತಿಳಿಯದೆ ಅವಳ ಮುಖದಲ್ಲಿ ಸಣ್ಣ ಗಾಬರಿಯೇ ಕಾಣಿಸಿತು. ಪಂಪಣ್ಣ ಏದುಸಿರು ಬಿಡುತ್ತ ಅವಳೆದುರು ಬಂದು ನಿಂತ.

"ಈಗ ಇದಕ್ಕ ನಾ ಏನು ಕೊಡ್ಲಿ?" ಎಂದಳು.

"ಏನೂ ಬ್ಯಾಡ. ಅದು ಕೊಟ್ಟಿದ್ದು ತೊಗೊ."

ಅವನು ಕೊಡವನ್ನು ತನ್ನ ಕೈಗೆ ತೆಗೆದುಕೊಂಡು ಬಗ್ಗಿಸಿದ. ಈರಮ್ಮ ಮೂಗಿನ ಬಟ್ಟೆ ಕೆಳಗೆ ಸರಿಸಿ, ಬೊಗಸೆ ಒಡ್ಡಿ, ಬಿದಿರಿನ ನೆರಳಲ್ಲಿ ನಿಂತು ಹೊಟ್ಟೆ ತುಂಬ ನೀರು ಕುಡಿದಳು.